ಚುಚ್ಚದ ಹವಳ

ನಮ್ಮ ಭಾವ ಹಲ್ಲು ಮಾಡುವವರು. ದಂತವೈದ್ಯರಲ್ಲ. ವೈದ್ಯರು ಹಲ್ಲಿಲ್ಲದವರ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವರು ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು, ಸೆಟ್ಟನ್ನು ಡಬ್ಬಿಗೆ ಹಾಕಿ ವಾಪಸ್ ಕಳಿಸುತ್ತಾರೆ. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ರಸ್ತೆಯಲ್ಲಿ ಯಾರಾದರೂ ವಯಸ್ಸಾದವರು ಬಾಯ್ತುಂಬ ನಕ್ಕರೆ ಸಾಕು, ಅಕ್ಕನ ಕಿವಿಯ ಹತ್ತಿರ ಬಗ್ಗಿ "ನಂದೇ" ಎನ್ನುತ್ತಾರೆ.

ಸೆಟ್ ಚೆನ್ನಾಗಿ ಕಾಣುವುದು ದೊಡ್ಡ ಮಾತಲ್ಲ, ಒಸಡಿಗೆ ಚುಚ್ಚಬಾರದು, ಅಷ್ಟೇ ವಿದ್ಯೆ ಎಂಬುದು ಅವರ ಸಿದ್ಧಾಂತ. ಕೆಲಸ ಮುಗಿದ ಮೇಲೆ ಕಣ್ಣು ಮುಚ್ಚಿ ಬಲಗೈ ತೋರುಬೆರಳನ್ನು ಸೆಟ್ಟಿನ ಒಳಬದಿಯಲ್ಲಿ ಒಂದು ಸುತ್ತು ಆಡಿಸುತ್ತಾರೆ. ಕೂದಲೆಳೆಯಷ್ಟು ಉಬ್ಬಿದ್ದರೂ ಆ ಬೆರಳಿಗೆ ಸಿಕ್ಕಿಬೀಳುತ್ತದೆ. ಮತ್ತೆ ಉಜ್ಜಿ, ಮತ್ತೆ ಕಣ್ಣು ಮುಚ್ಚಿ, ಕೊನೆಗೆ "ಚುಚ್ಚಲ್ಲ" ಎನ್ನುತ್ತಾರೆ. ಆ ಒಂದು ಮಾತು ಬಂದರೆ ಡಾಕ್ಟರು ಕೂಡ ಎರಡನೇ ಸಲ ನೋಡುವುದಿಲ್ಲ.

ನಾನು ಅವರ ಹೆಂಡತಿಯ ತಂಗಿ. ಅದೇ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಇರುವವಳು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪು ಹುಡುಕಿ ಹುಡುಕಿ ಅಭ್ಯಾಸವಾಗಿ, ಮನೆಯಲ್ಲೂ ಅದೇ ಚಾಳಿ. ನನಗೆ ಅತಿ ಸುಲಭವಾಗಿ ಸಿಗುತ್ತಿದ್ದವರು ಭಾವ. ಚಪ್ಪಲಿ ಬಿಡುವ ಜಾಗದಿಂದ ಹಿಡಿದು ಕಾಫಿ ಹೀರುವ ಸದ್ದಿನ ತನಕ ಒಂದನ್ನೂ ಬಿಟ್ಟವಳಲ್ಲ. ಅವರು ಮಾತ್ರ "ಆಯ್ತು ಟೀಚರಮ್ಮ" ಎಂದು ಒಪ್ಪಿಕೊಂಡು ಮರುದಿನ ಮತ್ತೆ ಅದೇ ಜಾಗದಲ್ಲಿ ಚಪ್ಪಲಿ ಬಿಡುತ್ತಿದ್ದರು.

ಹಾಲ್‌ನಲ್ಲಿ ಟೀವಿ ಇದ್ದ ಜಾಗದಲ್ಲಿ ಅವರದೊಂದು ಉಪ್ಪುನೀರಿನ ತೊಟ್ಟಿ. ನಾಲ್ಕಡಿ ಗಾಜು, ಒಳಗೆ ಸಮುದ್ರದ ಕಲ್ಲು, ಐದಾರು ಹವಳ, ಹನ್ನೊಂದು ಮೀನು. ಟೀವಿ ಅಕ್ಕನ ಕೋಣೆಗೆ ಗಡೀಪಾರಾಗಿತ್ತು. ಅಕ್ಕ ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಬಂದು ಆ ತೊಟ್ಟಿಯ ಎದುರು ಕಾಲು ಚಾಚಿ ಕೂತರೆ, ಭಾವ ಪಕ್ಕದಲ್ಲಿ ಕೂತು ಯಾವ ಮೀನು ಯಾರ ಮೇಲೆ ಮುನಿಸಿಕೊಂಡಿದೆ ಎಂದು ವರದಿ ಒಪ್ಪಿಸುತ್ತಿದ್ದರು. ಮಕ್ಕಳಿಲ್ಲದ ಮನೆ. ಅದರ ಬಗ್ಗೆ ಅವರಿಬ್ಬರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ನಾನೂ ಆ ಒಂದು ವಿಷಯದಲ್ಲಿ ಬಾಯಿ ಬಿಟ್ಟವಳಲ್ಲ.

ಒಂದು ದಿನ ಸಾಕುಮೀನು ಮಾರುವ ಮೀನಿನಂಗಡಿಯಿಂದ ಹೊಸ ಕಲ್ಲೊಂದು ಬಂತು. ಮೂರು ವಾರದ ನಂತರ ಮೀನು ಕಾಣೆಯಾಗತೊಡಗಿದವು. ಲೆಕ್ಕದ ಟೀಚರ್ ಎಂದು ಎಣಿಸುವ ಕೆಲಸ ನನ್ನ ತಲೆಗೇ ಬಿತ್ತು. ಹನ್ನೊಂದು, ಹತ್ತು, ಎಂಟು. "ನಿಮ್ಮ ನೀರೇ ಸರಿಯಿಲ್ಲ" ಎಂದು ನಾನು ತೀರ್ಪು ಕೊಟ್ಟೆ. ಐದಕ್ಕೆ ಇಳಿದ ದಿನ ಭಾವ ಕಲ್ಲನ್ನು ಮೇಲಕ್ಕೆತ್ತಿ ನೋಡಿದರು. ಅದರ ತೂತಿನೊಳಗಿಂದ ನಿಂಬೆಹಣ್ಣಿನ ಗಾತ್ರದ ಆಕ್ಟೋಪಸ್ ಒಂದು ಅವರನ್ನೇ ದಿಟ್ಟಿಸುತ್ತಿತ್ತು. ಕಲ್ಲಿನ ಜೊತೆ ಟಿಕೆಟ್ ಇಲ್ಲದೆ ಬಂದ ಪ್ರಯಾಣಿಕ.

ಮೀನಿನಂಗಡಿಯಾಕೆ ಫೋನಿನಲ್ಲಿ ನೇರವಾಗಿ ಹೇಳಿದರು, "ಅದನ್ನ ತಂದುಕೊಡಿ ಸಾರ್, ಇಲ್ಲಾ ಉಳಿದ ಮೀನು ತಂದುಕೊಡಿ. ಎರಡೂ ಒಟ್ಟಿಗೆ ಆಗಲ್ಲ." ಭಾವ ಅಕ್ಕನ ಮುಖ ನೋಡಿದರು. ಅಕ್ಕ, "ತಾನಾಗಿ ಬಂದಿದ್ದನ್ನ ಆಚೆ ಹಾಕೋದಾ?" ಎಂದಳು. ಮೀನು ಹೋದವು. ಆಕ್ಟೋಪಸ್ ಉಳಿಯಿತು. ಎಂಟು ಕೈ ಇದ್ದದ್ದರಿಂದ ನಾನು ಎಂಟಮ್ಮ ಎಂದು ಹೆಸರಿಟ್ಟೆ, ತಮಾಷೆಗೆ. ಅದೇ ನಿಂತಿತು.

ಎಂಟಮ್ಮನ ಪ್ರತಾಪಗಳನ್ನು ಹೇಳಹೊರಟರೆ ಮುಗಿಯುವುದಿಲ್ಲ. ಭಾವ ಬಾಗಿಲು ತೆಗೆದ ಸದ್ದಿಗೆ ಗಾಜಿನ ಹತ್ತಿರ ಬರುತ್ತಿದ್ದಳು, ನನ್ನ ಸದ್ದಿಗೆ ಬರುತ್ತಿರಲಿಲ್ಲ. ನಾನು ಬಗ್ಗಿ ನೋಡಿದರೆ ಮುಖಕ್ಕೆ ಉಪ್ಪುನೀರು ಚಿಮ್ಮಿಸುತ್ತಿದ್ದಳು. ಕನ್ನಡಕ ಒರೆಸಿ ಒರೆಸಿ ಸಾಕಾಯಿತು. ಅಳತೆ ತಪ್ಪಿದ ಒಂದು ಹಲ್ಲಿನ ಸೆಟ್ಟನ್ನು ಭಾವ ಆಟಕ್ಕೆಂದು ತೊಟ್ಟಿಗೆ ಹಾಕಿದ್ದರು. ಅವಳು ಅದನ್ನು ಎಳೆದುಕೊಂಡು ಹೋಗಿ ತನ್ನ ಬಿಲದ ಬಾಯಿಗೆ ಬಾಗಿಲು ಮಾಡಿಕೊಂಡಳು. ಮನೆಗೆ ಬಂದವರು ತೊಟ್ಟಿಯೊಳಗಿನ ಕಲ್ಲೊಂದು ಹದಿನಾಲ್ಕು ಹಲ್ಲು ಕಿರಿಯುವುದನ್ನು ಕಂಡು ಹೌಹಾರುತ್ತಿದ್ದರು. ಭಾವ ಮಾತ್ರ "ಅಷ್ಟು ಸರಿಯಾಗಿ ಅದು ಯಾರ ಬಾಯಿಗೂ ಕೂರ್ತಿರ್ಲಿಲ್ಲ" ಎಂದು ಬೀಗುತ್ತಿದ್ದರು.

ತೊಂದರೆ ಶುರುವಾದದ್ದು ಹವಳದಿಂದ. ಹವಳ ಎಂದರೆ ಕಲ್ಲು ಎಂದುಕೊಂಡಿದ್ದವಳು ನಾನು. ಅದೂ ಒಂದು ಜೀವ, ಚುಚ್ಚಿ ತಿನ್ನುತ್ತದೆ, ಚುಚ್ಚಿ ಜಾಗ ಕಾಯುತ್ತದೆ ಎಂದು ಅಂಗಡಿಯಾಕೆ ವಿವರಿಸಿದರು. ಮೀನಿಗಿದ್ದ ಹಳೆಯ ಹವಳಗಳಲ್ಲಿ ಅರ್ಧಕ್ಕರ್ಧ ಚುಚ್ಚುವಂಥವು. ಅವಕ್ಕೆ ಬೇಕಾದ ಪ್ರಖರ ಬೆಳಕು ಆಕ್ಟೋಪಸ್ಸಿಗೆ ಆಗದು. ಹಾಗೆಂದು ಎಲ್ಲ ತೆಗೆದು ಬರೀ ಗಾಜಿನಲ್ಲಿ ಬಿಟ್ಟರೆ ಅದು ಹೆದರಿ ಮೂಲೆ ಸೇರುತ್ತದೆ. ಕಡಿಮೆ ಬೆಳಕಿನಲ್ಲಿ ಬದುಕುವ, ಚುಚ್ಚದ, ಆ ಎಂಟು ಕೈ ಕಿತ್ತೆಸೆಯದಂಥ ಹವಳ ಹುಡುಕಬೇಕು. "ಮೀನಿಗೆ ಮೈಮೇಲೆ ಹುರುಪೆ ಇರುತ್ತೆ ಸಾರ್. ಇದಕ್ಕೆ ಏನೂ ಇಲ್ಲ. ನಮ್ಮ ಬಾಯಿ ಒಳಗಿನ ಚರ್ಮ ಇರುತ್ತಲ್ಲ, ಇದಕ್ಕೆ ಮೈಯೆಲ್ಲಾ ಹಾಗೇ."

ಭಾವನ ಕಣ್ಣು ಅಗಲವಾಯಿತು. "ಒಸಡು!" ಎಂದರು. "ಹಂಗಂತ ಮೊದ್ಲೇ ಹೇಳಬಾರ್ದಾ? ಒಸಡಿಗೆ ಏನು ಚುಚ್ಚುತ್ತೆ, ಏನು ಚುಚ್ಚಲ್ಲ ಅಂತ ನನಗಿಂತ ಯಾರಿಗೆ ಗೊತ್ತು?"

ಅಲ್ಲಿಂದ ಪ್ರತಿ ಭಾನುವಾರ ಮೀನಿನಂಗಡಿ. ಉದ್ದನೆಯ ಓಣಿಯಂಥ ಅಂಗಡಿ, ಎರಡೂ ಕಡೆ ನೀಲಿ ದೀಪದ ತೊಟ್ಟಿಗಳು, ನೆಲ ಯಾವಾಗಲೂ ಒದ್ದೆ. ಭಾವ ಜೇಬಿನಿಂದ ಹಲ್ಲಿನ ಬಣ್ಣ ಹೊಂದಿಸುವ ಪಟ್ಟಿಯನ್ನು ತೆಗೆದು ಹವಳದ ಪಕ್ಕ ಹಿಡಿದು ನೋಡುತ್ತಿದ್ದರು. ಯಾಕೆಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ, ಕೈಗೆ ಅಭ್ಯಾಸ. ಹಳೆಯವೆಲ್ಲ ಅಂಗಡಿಗೆ ವಾಪಸ್ ಹೋಗಿ, ಮೊದಲು ಮೂರು ಅಣಬೆ ಹವಳ ಬಂದವು, ಚಪ್ಪಟೆ ತಟ್ಟೆಗಳು, ತಂಟೆಯಿಲ್ಲದವು. ಆಮೇಲೆ ತೊಗಲಿನ ಹಾಗೆ ಒರಟಾಗಿ ಕಾಣುವ ಒಂದು. ಎಲ್ಲವನ್ನೂ ಹಲ್ಲಿಗೆ ಬಳಸುವ ಅಂಟಿನಿಂದಲೇ ಕಲ್ಲಿಗೆ ಕೂರಿಸಿದರು. ಎಂಟಮ್ಮ ಒಂದೊಂದನ್ನೂ ಮುಟ್ಟಿ ನೋಡಿ ಒಪ್ಪಿಕೊಂಡಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು.

ನಾಲ್ಕನೇ ಭಾನುವಾರ ನಾನೂ ಹೋಗಿದ್ದೆ. ಮೂಲೆಯ ತೊಟ್ಟಿಯಲ್ಲಿ ಒಂದು ಹವಳ ಇತ್ತು. ಉದ್ದುದ್ದ ಬೆರಳುಗಳು, ತುದಿಗೆ ಹೊಂಬಣ್ಣ, ನೀರಿನ ಸೆಳೆತಕ್ಕೆ ಒಟ್ಟಿಗೆ ವಾಲುತ್ತಿದ್ದವು. ಅದನ್ನು ನೋಡಿದ ಮೇಲೆ ನಮ್ಮ ಅಣಬೆಗಳು ತೊಳೆಯದ ತಟ್ಟೆಗಳಂತೆ ಕಂಡವು.

"ಇದು ತಗೊಳ್ಳಿ ಭಾವ. ಮನೆಗೆ ಕಳೆ ಬರುತ್ತೆ," ಎಂದವಳು ನಾನೇ.

ಅಂಗಡಿಯಾಕೆ ತಲೆಯಾಡಿಸಿದರು. "ಇದಕ್ಕೆ ಟಾರ್ಚ್ ಅಂತಾರೆ. ನೋಡೋಕೆ ಮೆತ್ತಗೆ, ಬುಡ ಮಾತ್ರ ಕಲ್ಲು. ಇದು ಚುಚ್ಚುತ್ತೆ ಸಾರ್, ನಿಮಗೆ ಬೇಡ."

ಭಾವ ಅಂಗಿಯ ತೋಳು ಮಡಚಿದರು. ಕಣ್ಣು ಮುಚ್ಚಿ, ತೋರುಬೆರಳನ್ನು ನೀರಿಗಿಳಿಸಿ, ಆ ಹೊಂಬಣ್ಣದ ತುದಿಗಳ ನಡುವೆ ನಿಧಾನವಾಗಿ ಒಂದು ಸುತ್ತು ಆಡಿಸಿದರು. ಬೆಣ್ಣೆಯಲ್ಲಿ ಕೂದಲು ಹುಡುಕುವವರ ಶ್ರದ್ಧೆ. ಅಂಗಡಿಯಾಕೆ ಏನೋ ಹೇಳಲು ಬಾಯಿ ತೆರೆದರು, ನಾನು ಶ್ ಎಂದೆ. ಭಾವ ಕಣ್ಣು ಬಿಟ್ಟರು.

"ಚುಚ್ಚಲ್ಲ," ಎಂದರು.

"ನಿಮ್ಮಿಷ್ಟ ಸಾರ್," ಎಂದು ಆಕೆ ಕೈಚೆಲ್ಲಿದರು. ಮೂವತ್ತೊಂದು ವರ್ಷದ ಬೆರಳು ಹೇಳಿದ್ದಕ್ಕೆ ಎದುರಾಡುವುದು ಯಾರಿಗಾದರೂ ಕಷ್ಟವೇ.

ಮೂರನೆಯ ದಿನ ಬೆಳಗ್ಗೆ ಎಂಟಮ್ಮ ಆ ಹವಳದ ಮೇಲೆ ಕೈ ಇಟ್ಟಳು. ನಾನು ಶಾಲೆಗೆ ಹೊರಟು ನಿಂತಿದ್ದೆ. ಅವಳು ಒಮ್ಮೆಲೇ ಬಿಳುಚಿ ಹಿಂದಕ್ಕೆ ಎಗರಿದಳು, ನೀರೆಲ್ಲ ಅವಳು ಉಗುಳಿದ ಮಸಿ. ಮಸಿ ತಿಳಿಯಾದಾಗ ಒಂದು ಕೈಯ ತುದಿ ಸುರುಟಿಕೊಂಡಿತ್ತು, ಇನ್ನೆರಡರ ಮೇಲೆ ಬಿಳಿ ಕಲೆಗಳು. ಭಾವ ಮೊಣಕೈಯವರೆಗೆ ನೀರಿಗೆ ಕೈ ಹಾಕಿ ಆ ಹವಳವನ್ನು ಕಿತ್ತು ಬಕೆಟ್ಟಿಗೆ ಹಾಕಿದರು. ಎತ್ತುವಾಗ ಅದರ ಬೆರಳುಗಳು ಅವರ ಮುಂದೋಳಿನ ಒಳಬದಿಗೆ ತಾಗಿದವು. ನೋಡನೋಡುತ್ತಿದ್ದಂತೆ ಅಲ್ಲಿ ಕೆಂಪು ಗಂದೆಗಳು ಎದ್ದವು.

ಅವರು ಬಕೆಟ್ಟಿನ ಪಕ್ಕ ನೆಲದ ಮೇಲೆಯೇ ಕೂತು ಒಮ್ಮೆ ತೋಳು ನೋಡಿಕೊಂಡರು, ಒಮ್ಮೆ ಬೆರಳು ನೋಡಿಕೊಂಡರು. ವರ್ಷಗಟ್ಟಲೆ ಪ್ಲಾಸ್ಟರ್, ಉಜ್ಜುಕಾಗದ, ಹೊಳಪಿನ ಚಕ್ರ. ಆ ಬೆರಳ ತುದಿಯ ಚರ್ಮ ಯಾವತ್ತೋ ಗಟ್ಟಿಯಾಗಿ ಹೋಗಿತ್ತು. ಉಬ್ಬು ತಗ್ಗು ಹುಡುಕಲು ಅದು ಸಾಕು, ಚುಚ್ಚಿದ್ದು ತಿಳಿಯಲು ಸಾಲದು. "ಇಷ್ಟು ವರ್ಷ ಯಾರ್ಯಾರ ಬಾಯಿಗೆ ಏನೇನು ಚುಚ್ಚಿದೆಯೋ," ಎಂದರು. ನಾನು ಬ್ಯಾಗು ಹಿಡಿದು ನಿಂತೇ ಇದ್ದೆ. ತಗೊಳ್ಳಿ ಎಂದವಳು ನಾನು ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು, ಆಚೆ ಬರಲಿಲ್ಲ. ಶಾಲೆಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆ.

ಎಂಟಮ್ಮ ಮೂರು ವಾರದಲ್ಲಿ ಗುಣವಾದಳು. ಸುರುಟಿದ ಕೈ ನೆಟ್ಟಗಾಯಿತು, ಕಲೆ ಮಾಯವಾಯಿತು, ನನ್ನ ಕನ್ನಡಕಕ್ಕೆ ಮತ್ತೆ ನೀರು ಬಿತ್ತು. ಭಾವ ಅಂಗಡಿಯಾಕೆಗೆ ಬಾಕ್ಸ್ ತುಂಬ ಬಿಸ್ಕತ್ತು ಕೊಟ್ಟು, ಎದುರಾಡಿದ್ದಕ್ಕೆ ಕ್ಷಮೆ ಕೇಳಿ ಬಂದರು. ಎಲ್ಲ ಸರಿಹೋಯಿತು ಎಂದುಕೊಂಡೆವು. ಇನ್ನೂ ಒಂದು ತಿಂಗಳು ಹಾಗೇ ಕಳೆಯಿತು.

ಆಮೇಲೆ ಒಂದು ದಿನ ಅವಳು ತಿನ್ನುವುದನ್ನು ಬಿಟ್ಟಳು.

ಬಿಲದೊಳಗೆ ಸೇರಿ ಹಲ್ಲಿನ ಬಾಗಿಲು ಎಳೆದುಕೊಂಡವಳು ಹೊರಗೆ ಬರಲೇ ಇಲ್ಲ. ಭಾವ ಕಡ್ಡಿಗೆ ಸಿಗಡಿ ಸಿಕ್ಕಿಸಿ ಬಾಗಿಲ ಬಳಿ ಹಿಡಿದರೆ ಒಂದು ಕೈ ಬಂದು ಅದನ್ನು ಮೆಲ್ಲಗೆ ಆಚೆ ತಳ್ಳುತ್ತಿತ್ತು. ಕೋಪವಿಲ್ಲ, ಗಾಬರಿಯಿಲ್ಲ, ಬೇಡ ಎನ್ನುವುದಷ್ಟೇ. ಏಡಿ ಕೊಟ್ಟರು, ಚಿಪ್ಪುಮೀನು ಕೊಟ್ಟರು. ಎಲ್ಲವನ್ನೂ ಆ ಕೈ ಅಷ್ಟೇ ಮೆಲ್ಲಗೆ ತಳ್ಳಿತು. ನಾಲ್ಕನೇ ದಿನಕ್ಕೆ ಭಾವ, "ಇನ್ನೂ ಯಾವುದೋ ಚುಚ್ತಾ ಇದೆ" ಎಂದರು.

ಮೊದಲು ತೊಗಲು ಹವಳ ಹೊರಗೆ ಹೋಯಿತು. ಆಮೇಲೆ ಒಂದು ಅಣಬೆ, ಆಮೇಲೆ ಎರಡು. ಅವುಗಳ ಜಾಗಕ್ಕೆ ಬೇರೆ ಬಂದವು, ಅವೂ ಹೋದವು. ನೀರು ಪರೀಕ್ಷೆ ದಿನಕ್ಕೆ ಮೂರು ಸಲ. ದೀಪಕ್ಕೆ ಅಕ್ಕನ ಹಳೆಯ ದುಪಟ್ಟಾ ಕಟ್ಟಿ ಬೆಳಕು ಕಡಿಮೆ ಮಾಡಿದರು. ಕೆಲಸಕ್ಕೆ ರಜೆ ಹಾಕಿದರು. ಡಾಕ್ಟರು ಫೋನ್ ಮಾಡಿ, "ಇಲ್ಲಿ ಆರು ಜನ ಗಂಜಿ ಕುಡ್ಕೊಂಡು ಕೂತಿದ್ದಾರೆ ಮಾರಾಯ್ರೇ, ಅವರ ಹಲ್ಲು ಎಲ್ಲಿ?" ಎಂದು ಕೂಗಾಡಿದರು. ಭಾವ, "ಇನ್ನು ನನ್ನ ಬೆರಳು ನಂಬಬೇಡಿ ಡಾಕ್ಟ್ರೇ" ಎಂದು ಫೋನ್ ಇಟ್ಟರು.

ಕೊನೆಗೆ ಅಕ್ಕನೇ ಮೀನಿನಂಗಡಿಗೆ ಹೋಗಿ ಅಂಗಡಿಯಾಕೆಯನ್ನು ಮನೆಗೆ ಕರೆತಂದಳು. ಮಧ್ಯಾಹ್ನದ ಹೊತ್ತು. ಆಕೆ ಮಂಡಿಯೂರಿ, ಸಣ್ಣ ಟಾರ್ಚಿನ ಬೆಳಕನ್ನು ಬೆರಳಿಂದ ಅರ್ಧ ಮರೆಮಾಡಿ, ಹಲ್ಲುಗಳ ಸಂದಿಯಿಂದ ಬಿಲದೊಳಗೆ ಬಹಳ ಹೊತ್ತು ನೋಡಿದರು. ನಾವು ಮೂವರೂ ಹಿಂದೆ ಬಗ್ಗಿ ನಿಂತಿದ್ದೆವು.

"ಮೊಟ್ಟೆ ಇಟ್ಟಿದೆ," ಎಂದರು. "ಅಕ್ಕಿಕಾಳಿನ ಗೊಂಚಲು ಇದ್ದ ಹಾಗೆ, ಮೇಲ್ಗಡೆ ನೇತಾಡ್ತಾ ಇದೆ ನೋಡಿ."

"ಗಂಡೇ ಇಲ್ಲದೆ?" ಎಂದೆ ನಾನು.

"ಕೋಳಿ ಇಡಲ್ವಾ ಟೀಚರ್? ಹಾಗೇ. ಮರಿ ಆಗಲ್ಲ ಇದು. ಆದ್ರೂ ಕಾಯುತ್ತೆ. ನೀರು ಊದ್ತಾ, ಸವರ್ತಾ, ಹಗಲು ರಾತ್ರಿ ಅದೇ ಕೆಲಸ. ಊಟ ಬಿಡುತ್ತೆ."

"ಎಷ್ಟು ದಿನ?" ಎಂದರು ಭಾವ.

ಆಕೆ ಎದ್ದು ಮಂಡಿ ಒರೆಸಿಕೊಂಡರು. "ಒಂದು ತಿಂಗಳು ಇರಬಹುದು ಸಾರ್, ಹೆಚ್ಚಂದ್ರೆ ಎರಡು. ಮೊಟ್ಟೆ ಇಟ್ಟ ಮೇಲೆ ಮತ್ತೆ ತಿನ್ನಲ್ಲ, ಹಾಗೇ ಹೋಗಿಬಿಡುತ್ತೆ. ಇವುಗಳ ಆಯಸ್ಸೇ ಅಷ್ಟು."

"ಆ ಹವಳದಿಂದ ಹೀಗಾಯ್ತಾ?"

"ಇಲ್ಲ ಸಾರ್. ಹವಳಕ್ಕೂ ಇದಕ್ಕೂ ಸಂಬಂಧ ಇಲ್ಲ. ಸಮುದ್ರದಲ್ಲಿದ್ರೂ ಹೀಗೇ ಆಗ್ತಿತ್ತು. ನಿಮ್ಮ ತಪ್ಪೇನಿಲ್ಲ."

ಮೊಟ್ಟೆ ತೆಗೆದುಬಿಟ್ಟರೆ ಆಗದೇ ಎಂದು ನಾನು ಕೇಳಿದೆ. ತೆಗೆದರೂ ಉಳಿಯುವುದಿಲ್ಲ, ಇರೋ ಕೆಲಸವೂ ಹೋಗುತ್ತದೆ ಅದಕ್ಕೆ ಎಂದರು. ಅಕ್ಕ ಗಾಜಿಗೆ ಅಂಗೈ ಒತ್ತಿ ನಿಂತಿದ್ದಳು. "ಮರಿ ಆಗಲ್ಲ ಅಂತ ಅವಳಿಗೆ ಹೇಳೋರು ಯಾರು?" ಎಂದಳು. ಅಂಗಡಿಯಾಕೆ ಕಾಫಿಯನ್ನೂ ಕುಡಿಯದೆ ಹೋದರು.

ಇಷ್ಟು ಬಿಡಿಸಿ ಹೇಳಿದ ಮೇಲೆ ಯಾರಾದರೂ ಸುಮ್ಮನಾಗುತ್ತಾರೆ. ಭಾವ ಆಗಲಿಲ್ಲ. ಮರುದಿನ ಮತ್ತೆ ಅಂಗಡಿಗೆ ಹೋಗಿ ಮತ್ತೊಂದು ಹವಳ ತಂದರು. ಬೆರಳನ್ನು ಈಗ ನಂಬುತ್ತಿರಲಿಲ್ಲ; ಪ್ರತಿಯೊಂದನ್ನೂ ಮುಂದೋಳಿನ ಒಳಬದಿಗೆ, ಚರ್ಮ ತೆಳ್ಳಗಿರುವ ಕಡೆ, ಒತ್ತಿ ಹಿಡಿದು ನೂರು ಎಣಿಸುತ್ತಿದ್ದರು. ಹತ್ತು ದಿನದಲ್ಲಿ ಎರಡು ತೋಳೂ ಗಂದೆಗಳಿಂದ ತುಂಬಿದವು. ಅಕ್ಕ ತನ್ನ ಔಷಧಿ ಅಂಗಡಿಯಿಂದ ಮುಲಾಮು ತಂದು ಹಚ್ಚುತ್ತಿದ್ದಳು, ಅವರು ಅದನ್ನು ಉಜ್ಜಿ ತೊಳೆದು ಮತ್ತೆ ತೊಟ್ಟಿಗೆ ಕೈ ಹಾಕುತ್ತಿದ್ದರು, ಮುಲಾಮು ನೀರು ಸೇರೀತೆಂದು. ಎಂಟಮ್ಮ ದಿನದಿಂದ ದಿನಕ್ಕೆ ಬಣ್ಣಗೆಡುತ್ತಿದ್ದಳು. ಕಣ್ಣು ಗುಳಿ ಬಿದ್ದಿತ್ತು. ಆದರೂ ಸಂದಿಯಿಂದ ನೋಡಿದರೆ ಒಂದು ಕೈ ಆ ಗೊಂಚಲುಗಳನ್ನು ಸವರುತ್ತಲೇ ಇತ್ತು. ನನಗೆ ನೋಡಲಾಗದೆ ಮಹಡಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮೇಲೆ ಹೋದರೂ ಕೆಳಗೆ ಭಾವ ನೀರು ಬಗ್ಗಿಸುವ ಸದ್ದು ಕೇಳಿಸುತ್ತಿತ್ತು.

ಒಂದು ರಜೆಯ ದಿನ, ಊಟದ ಹೊತ್ತು ಮೀರಿತ್ತು. ಅಕ್ಕ ಬಡಿಸಿಟ್ಟ ತಟ್ಟೆ ಆರಿಹೋಗಿತ್ತು. ಭಾವ ನೀಲಿ ಬಣ್ಣದ ಅಣಬೆ ಹವಳವೊಂದನ್ನು ತೋಳಿಗೆ ಒತ್ತಿಕೊಂಡು ಅರುವತ್ತೆರಡು, ಅರುವತ್ತಮೂರು ಎಂದು ಎಣಿಸುತ್ತ ಕೂತಿದ್ದರು. ನನ್ನ ತಾಳ್ಮೆಯ ಕಟ್ಟೆಯೊಡೆಯಿತು.

"ಸಾಕು ಮಾಡಿ ಭಾವ! ಯಾವ ಹವಳ ತಂದ್ರೂ ಅಷ್ಟೇ. ಅದು ಸಾಯುತ್ತೆ. ನಿಮ್ಮ ತಪ್ಪಲ್ಲ ಅಂತ ಅವರು ಹೇಳಿದ್ದು ಕಿವಿಗೆ ಬೀಳ್ಲಿಲ್ವಾ?"

ಅವರ ಎಣಿಕೆ ನಿಂತಿತು. ಹವಳವನ್ನು ಬಟ್ಟಲಿಗಿಟ್ಟರು.

"ಇಷ್ಟು ವರ್ಷದಲ್ಲಿ ಒಂದು ದಿನವಾದ್ರೂ ನನ್ನ ತಪ್ಪು ಹುಡುಕದೆ ಬಿಟ್ಟಿದ್ದೀಯಾ ನೀನು?" ಎಂದರು. "ಚಪ್ಪಲಿ ತಪ್ಪು, ಕಾಫಿ ತಪ್ಪು, ನೀರು ತಪ್ಪು. ಈಗ ಹೇಳು. ಇದೂ ನನ್ನ ತಪ್ಪು ಅಂತ ಹೇಳು."

"ಅಲ್ಲ ಭಾವ..."

"ಹೇಳು ಅಂದೆ!"

ಅವರು ದನಿಯೆತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಕ್ಕ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತಳು. ಭಾವ ತೊಟ್ಟಿಯ ಕಡೆ ಕೈ ತೋರಿಸಿದರು.

"ತಪ್ಪಾಗಿದ್ರೆ ಸರಿ ಮಾಡ್ಬಹುದು. ತಪ್ಪೇ ಇಲ್ಲ ಅಂದ್ರೆ ನಾನು ಏನು ಮಾಡ್ಲಿ? ಕೂತ್ಕೊಂಡು ನೋಡ್ಲಾ? ಅವಳು ಹಾಗೆ ಒಣಗೋದನ್ನ ಸುಮ್ನೆ ಕೂತು ನೋಡ್ಲಾ?"

ನಾನು ಅಕ್ಕನ ಕಡೆ ನೋಡಿದೆ. ಅವಳ ಕಣ್ಣು ತುಂಬಿತ್ತು. ಹೂಂ ಎನ್ನು ಎಂಬಂತೆ ತುಸುವೇ ತಲೆಯಾಡಿಸಿದಳು.

"ಹೌದು ಭಾವ," ಎಂದೆ. "ನಿಮ್ಮದೇ ತಪ್ಪು. ಆ ಹವಳ ತರಬಾರ್ದಿತ್ತು."

ಅವರ ಮುಖ ಸಡಿಲಾಯಿತು. "ಹ್ಞಾಂ, ನೋಡು ಮತ್ತೆ," ಎಂದರು, ಎಷ್ಟೋ ದಿನದಿಂದ ಕಾದಿದ್ದವರಂತೆ. ಎದ್ದು ಬಟ್ಟಲನ್ನು ಹಿಡಿದು ತೊಟ್ಟಿಯ ಹತ್ತಿರ ಹೋಗಿ ಮುಚ್ಚಳ ತೆಗೆದರು.

ಎಂಟಮ್ಮ ಇನ್ನೂ ಒಂಬತ್ತು ದಿನ ಇದ್ದಳು. ಆ ಒಂಬತ್ತು ದಿನವೂ ಭಾವನಿಗೆ ಕೈತುಂಬ ಕೆಲಸವಿತ್ತು. ಹತ್ತನೆಯ ದಿನ ಬೆಳಗ್ಗೆ ನಾನು ಇಳಿದು ಬಂದಾಗ ಅವರು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಿಲದ ಬಾಗಿಲು ಪಕ್ಕಕ್ಕೆ ಉರುಳಿತ್ತು. ಅಕ್ಕ ಅವರ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು.

"ಮೊದಲೇ ಸರಿಯಾದ್ದು ಇಟ್ಟಿದ್ರೆ ಬದುಕ್ತಿದ್ಲು, ಅಲ್ವಾ?" ಎಂದರು ಭಾವ, ತಿರುಗಿ ನೋಡದೆ.

ನಾನು ಹತ್ತಿರ ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಹೌದು ಭಾವ," ಎಂದೆ, "ಬದುಕ್ತಿದ್ಲು."